ಕಾರ್ಡ್ ಇಲ್ಲ, ಏಜೆಂಟ್ ಇಲ್ಲ: ಸಿನಿಮಾ ಪಾತ್ರಕ್ಕೆ ತಾವೇ ಅರ್ಜಿ ಹಾಕಿಕೊಂಡ ಕಲಬುರಗಿಯ ಕಲಾವಿದರೊಬ್ಬರ ಪ್ರಕರಣ

ಹಿನ್ನೆಲೆ

ಕಲಾವಿದರ ವಯಸ್ಸು 37. ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಮೇಲ್ವಿಚಾರಕರು. ಹನ್ನೆರಡು ವರ್ಷಗಳಿಂದ ಹವ್ಯಾಸಿ ನಾಟಕ ತಂಡದಲ್ಲಿದ್ದಾರೆ. ಡಾ. ಎಸ್.ಎಂ. ಪಂಡಿತ್ ರಂಗಮಂದಿರದಲ್ಲಿ ಹಲವು ಸಲ ಬಣ್ಣ ಹಚ್ಚಿದ್ದಾರೆ, ಜಾತ್ರೆಗಳಲ್ಲಿ ಬೆಳತನಕ ಆಡಿದ್ದೂ ಉಂಟು. ಕಲಾವಿದರ ಸಂಘದ ಸದಸ್ಯತ್ವ, ಅಂದರೆ ಯೂನಿಯನ್ ಕಾರ್ಡ್ ಇಲ್ಲ, ಏಜೆಂಟ್ ಇಲ್ಲ, ಬೆಂಗಳೂರಿನ ಸಿನಿಮಾ ಮಂದಿಯಲ್ಲಿ ಪರಿಚಯದವರಿಲ್ಲ. ಹೆಸರು, ಸಿನಿಮಾ, ಸಂಸ್ಥೆಗಳನ್ನು ಇಲ್ಲಿ ಬಿಟ್ಟಿದೆ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದೆ.

ಇವರು ದೊಡ್ಡ ನಟರಾದರು ಎಂದು ಈ ಪ್ರಕರಣವನ್ನು ಆರಿಸಿಕೊಂಡಿಲ್ಲ. ಮೊದಲ ನಾಲ್ಕು ತಿಂಗಳು ಕಳೆದು, ಎರಡನೆಯ ಹಂತದಲ್ಲಿ ಕಳಿಸಿದ ಪ್ರತಿ ಅರ್ಜಿಯ ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿದೆ: ಯಾವ ದಿನ, ಯಾವ ಪಾತ್ರ, ಯಾರಿಗೆ, ಏನು ಕಳಿಸಿದ್ದು, ಏನು ಉತ್ತರ. ಮಿಲ್ಲಿನ ಕೆಲಸದಿಂದ ಬಂದ ಅಭ್ಯಾಸ. ಹಾಗಾಗಿ ಎಲ್ಲಿ ಕೆಟ್ಟಿತು, ಎಲ್ಲಿ ತಿರುಗಿತು ಎಂಬುದನ್ನು ಊಹೆಯಿಲ್ಲದೆ ಹೇಳಬಹುದು.

ಕಾರ್ಡಿನ ಮಾತು

ಆರಂಭದಲ್ಲೇ ಅವರನ್ನು ದಾರಿ ತಪ್ಪಿಸಿದ್ದು ‘ಯೂನಿಯನ್ ಕಾರ್ಡ್ ಇಲ್ಲದವನಿಗೆ ಪಾತ್ರ ಕೊಡೋದಿಲ್ಲ’ ಎಂಬ ಮಾತು. ಇದನ್ನು ಹೇಳಿದವರು ಮೂರು ಜನ. ಅವರಲ್ಲಿ ಇಬ್ಬರು ಕಾರ್ಡ್ ಮಾಡಿಸಿಕೊಡುತ್ತೇವೆಂದು ಹಣ ಕೇಳಿದವರು.

ನಮ್ಮಲ್ಲಿ ಗುಂಪಿನ ದೃಶ್ಯದ ಕೆಲಸ ಬೇರೆ, ಮಾತಿರುವ ಪಾತ್ರ ಬೇರೆ. ಮದುವೆ ಮನೆ, ಸಂತೆ, ಕೋರ್ಟಿನಲ್ಲಿ ಕೂತ ಜನ ಬೇಕಾದಾಗ ನಿರ್ಮಾಣದವರು ಜೂನಿಯರ್ ಆರ್ಟಿಸ್ಟ್ ಸರಬರಾಜು ಮಾಡುವ ಕೋಆರ್ಡಿನೇಟರ್‌ಗೆ ಫೋನ್ ಮಾಡುತ್ತಾರೆ. ಅಲ್ಲಿ ಸಂಘ, ಸದಸ್ಯತ್ವ, ದಿನದ ದರದ ಲೆಕ್ಕ ಬರುತ್ತದೆ. ಮಾತಿರುವ ಪಾತ್ರಕ್ಕೆ ನಿರ್ದೇಶಕರೋ, ಅವರಿಗಾಗಿ ನಟರನ್ನು ಹುಡುಕುವ ಕಾಸ್ಟಿಂಗ್ ಡೈರೆಕ್ಟರೋ ಮುಖ ನೋಡಿ, ಮಾತು ಕೇಳಿ ಆರಿಸುತ್ತಾರೆ. ಹೊಸಬರು ಬರುವುದು ಈ ಬಾಗಿಲಿನಿಂದಲೇ. ಸದಸ್ಯತ್ವದ ಪ್ರಶ್ನೆ ಎದ್ದರೂ ಅದು ಆಯ್ಕೆಯ ನಂತರ ಏಳುತ್ತದೆ, ಮತ್ತು ಮಾತುಕತೆ ನಿರ್ಮಾಣ ಸಂಸ್ಥೆಯ ಜೊತೆ ನಡೆಯುತ್ತದೆ. ಆಯ್ಕೆಗೂ ಮುಂಚೆ ಕಾರ್ಡಿಗೆಂದು ಮೂರನೆಯವನ ಕೈಗೆ ಹಣ ಕೊಡುವ ಸಂದರ್ಭವೇ ಬರುವುದಿಲ್ಲ.

ಗೊಂದಲ ಹೆಚ್ಚಿಸಿದ್ದು ಯೂಟ್ಯೂಬ್. ಕಲಾವಿದರು ನೋಡಿದ್ದೆಲ್ಲ ಅಮೆರಿಕದ ವಿಡಿಯೊಗಳು. ಅಲ್ಲಿ ಸ್ಯಾಗ್-ಆಫ್ಟ್ರಾ ಎಂಬ ಸಂಘದ ಸದಸ್ಯರು ಸಂಘದ ಒಪ್ಪಂದವಿಲ್ಲದ ಚಿತ್ರದಲ್ಲಿ ನಟಿಸುವಂತಿಲ್ಲ. ಆದ್ದರಿಂದ ಬ್ಯಾಕ್‌ಸ್ಟೇಜ್, ಆ್ಯಕ್ಟರ್ಸ್ ಆ್ಯಕ್ಸೆಸ್‌ನಂಥ ತಾಣಗಳಲ್ಲಿ ಪ್ರತಿ ಪಾತ್ರದ ಮುಂದೆ ‘ಯೂನಿಯನ್’, ‘ನಾನ್-ಯೂನಿಯನ್’ ಎಂದು ಬರೆದಿರುತ್ತದೆ, ಏಜೆಂಟ್ ಇಲ್ಲದ ನಟರು ತಾವೇ ಅರ್ಜಿ ಹಾಕಿಕೊಳ್ಳುತ್ತಾರೆ. ಇವರು ಅದನ್ನು ನೋಡಿ ಎಂಟು-ಹತ್ತು ಇಂಚಿನ ಫೋಟೊ ಪ್ರಿಂಟ್ ಹಾಕಿಸಿದರು, ಇಮೇಲಿನ ತಲೆಬರಹದಲ್ಲಿ ‘ನಾನ್-ಯೂನಿಯನ್ ಆ್ಯಕ್ಟರ್’ ಎಂದು ಬರೆದರು. ಬೆಂಗಳೂರಿನ ಕಾಸ್ಟಿಂಗ್ ಸಹಾಯಕನಿಗೆ ಆ ಸಾಲಿನಿಂದ ಏನೂ ತಿಳಿಯುವುದಿಲ್ಲ. ಅವನಿಗೆ ಬೇಕಾದ ವಯಸ್ಸು, ಎತ್ತರ, ಊರು, ಭಾಷೆ ಆ ತಲೆಬರಹದಲ್ಲಿ ಇರಲಿಲ್ಲ.

ಮೊದಲ ನಾಲ್ಕು ತಿಂಗಳು

ಈ ಅವಧಿಯಲ್ಲಿ ಕಳಿಸಿದ್ದು ಎಷ್ಟೆಂಬ ಲೆಕ್ಕವಿಲ್ಲ, ಉತ್ತರ ಒಂದೂ ಇಲ್ಲ. ಕಳಿಸಿದ್ದು ಹೀಗಿತ್ತು: ಸ್ಟುಡಿಯೊದಲ್ಲಿ ತೆಗೆಸಿದ ಮೂವತ್ತು ಫೋಟೊ, ಎಲ್ಲದರಲ್ಲೂ ಮುಖ ನುಣ್ಣಗೆ ತಿದ್ದಿದ್ದು, ಹಿಂದೆ ಜಲಪಾತದ ಪರದೆ. ಜೊತೆಗೆ ಪೌರಾಣಿಕ ನಾಟಕದ ಏಳು ನಿಮಿಷದ ವಿಡಿಯೊ. ಸಭಾಂಗಣದ ಮಧ್ಯದಿಂದ ಯಾರೋ ಫೋನಿನಲ್ಲಿ ಹಿಡಿದದ್ದು; ಕಲಾವಿದರು ಹೆಬ್ಬೆರಳಿನಷ್ಟು ಕಾಣುತ್ತಾರೆ, ಕಿರೀಟ ಮೀಸೆಯ ನಡುವೆ ಮುಖ ಸಿಗುವುದಿಲ್ಲ. ಇದರ ಜೊತೆ ‘ಒಂದು ಅವಕಾಶ ಕೊಡಿ ಸರ್, ಯಾವ ಪಾತ್ರವಾದರೂ ಮಾಡುತ್ತೇನೆ’ ಎಂಬ ಸಂದೇಶ. ಹೋಗಿದ್ದು ಹೆಸರಾಂತ ನಿರ್ದೇಶಕರ ಇನ್‌ಸ್ಟಾಗ್ರಾಂ ಖಾತೆಗಳಿಗೆ.

ಈ ಸಂದೇಶದಲ್ಲಿ ಆಯ್ಕೆ ಮಾಡುವವನ ಕೆಲಸ ಹಗುರ ಮಾಡುವಂಥದ್ದು ಏನೂ ಇಲ್ಲ. ಯಾವ ಪಾತ್ರಕ್ಕೆ ಎಂದು ಅವನೇ ಯೋಚಿಸಬೇಕು, ಮುಖ ಹೇಗಿದೆ ಎಂದು ಅವನೇ ಊಹಿಸಬೇಕು. ಕಾಳಿನ ಮಾರುಕಟ್ಟೆಯಾದ ಗಂಜ್‌ನಲ್ಲಿ ತೊಗರಿ ಕೊಳ್ಳುವವನು ಮೂಟೆ ಸುರುವಿ ನೋಡುವುದಿಲ್ಲ, ಕೊಳವೆ ಚುಚ್ಚಿ ಹಿಡಿ ಕಾಳು ಅಂಗೈಗೆ ಬಿಟ್ಟುಕೊಂಡು ದರ ಕೂಗುತ್ತಾನೆ. ಕಾಸ್ಟಿಂಗ್ ಕಚೇರಿಯಲ್ಲಿ ವಿಡಿಯೊದ ಮೊದಲ ಹತ್ತು ಸೆಕೆಂಡು ಆ ಹಿಡಿ ಕಾಳು. ಇವರ ಮೊದಲ ಹತ್ತು ಸೆಕೆಂಡಿನಲ್ಲಿ ಇದ್ದದ್ದು ಹಾರ್ಮೋನಿಯಂ ಮತ್ತು ಪರದೆ ಏಳುವ ಸದ್ದು.

ಹಣ ಹೋದದ್ದು

ಮೂರನೆಯ ತಿಂಗಳಲ್ಲಿ ಒಂದು ‘ಏಜೆನ್ಸಿ’ ವಾಟ್ಸ್‌ಆ್ಯಪ್‌ನಲ್ಲಿ ಸಂಪರ್ಕಿಸಿತು. ದೊಡ್ಡ ಬ್ಯಾನರಿನ ಪೋಸ್ಟರ್, ನಾಯಕನ ಫೋಟೊ, ‘ಅಣ್ಣನ ಪಾತ್ರಕ್ಕೆ ಶಾರ್ಟ್‌ಲಿಸ್ಟ್ ಆಗಿದ್ದೀರಿ’ ಎಂಬ ಪತ್ರ. ಆಡಿಷನ್ ಇಲ್ಲದೆ ಶಾರ್ಟ್‌ಲಿಸ್ಟ್ ಆದದ್ದು ಹೇಗೆಂದು ಆಗ ಹೊಳೆಯಲಿಲ್ಲ. ನೋಂದಣಿಗೆ 2,500 ರೂಪಾಯಿ ಕೇಳಿದರು, ಕ್ಯೂಆರ್ ಕೋಡಿಗೆ ಹಾಕಿದ್ದಾಯಿತು. ಎರಡು ದಿನ ಬಿಟ್ಟು ಉಡುಪಿನ ಠೇವಣಿ ಎಂದು 8,000 ಕೇಳಿದರು, ‘ಶೂಟಿಂಗ್ ಮುಗಿದ ಮೇಲೆ ವಾಪಸ್’ ಎಂಬ ಭರವಸೆಯೊಂದಿಗೆ. ಕಲಾವಿದರು ಮಿಲ್ಲಿನ ಲೆಕ್ಕ ನೋಡುವ ಮುನೀಮರ ಹತ್ತಿರ ಮುಂಗಡ ಕೇಳಲು ಹೋದರು. ಸಂಬಂಧದಲ್ಲಿ ಅವರು ಸೋದರಮಾವ.

‘ಮಾಮಾ, ಡ್ರೆಸ್ಸಿನ ಡಿಪಾಜಿಟ್ ಕೇಳ್ಲತ್ತಾರ.’

‘ಕೆಲ್ಸಾ ಕೊಡೋರು ರೊಕ್ಕಾ ಕೊಡ್ತಾರೋ, ರೊಕ್ಕಾ ಕೇಳ್ತಾರೋ? ನಮ್ಮ ಹಮಾಲರಿಗಿ ನಾವು ಚೀಲಾ ಹೊರಾಕ ಡಿಪಾಜಿಟ್ ಕೇಳೀವೇನಪಾ?’

ಅಲ್ಲಿಗೆ ಎರಡನೆಯ ಕಂತು ಉಳಿಯಿತು. ಮೊದಲ ಕಂತು ಬರಲಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಹೋದದ್ದು ಹನ್ನೊಂದನೆಯ ದಿನ. ಹಣ ಇನ್ನೂ ಮೊದಲ ಖಾತೆಯಲ್ಲೇ ಇರುವಾಗ ದೂರು ಹೋದರೆ ಬ್ಯಾಂಕ್ ತಡೆಹಿಡಿಯಬಲ್ಲದು, ಇಂಥವರು ಕೆಲವೇ ಗಂಟೆಗಳಲ್ಲಿ ಹಣವನ್ನು ಬೇರೆ ಬೇರೆ ಖಾತೆಗಳಿಗೆ ದಾಟಿಸಿಬಿಡುತ್ತಾರೆ. ಅನುಮಾನ ಬಂದ ಗಳಿಗೆಯಲ್ಲೇ ಕರೆ ಮಾಡಬೇಕು, ಚಾಟ್ ಅಳಿಸಬಾರದು, ವಹಿವಾಟಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು.

ಆ ಪೋಸ್ಟರ್ ನಿಜವೇ ಎಂದು ನೋಡಲು ಹತ್ತು ನಿಮಿಷ ಸಾಕಿತ್ತು. ನಿರ್ಮಾಣ ಸಂಸ್ಥೆಯ ಅಧಿಕೃತ ಖಾತೆಯಲ್ಲಿ ಕಲಾವಿದರು ಬೇಕೆಂಬ ಅದೇ ಕರೆ ಇದೆಯೇ, ಅಲ್ಲಿ ಕೊಟ್ಟ ಸಂಖ್ಯೆ ಇದೇ ಸಂಖ್ಯೆಯೇ? ಚಿತ್ರದ ಶೀರ್ಷಿಕೆ, ಬ್ಯಾನರ್ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಣಿಯಾಗಿದೆಯೇ? ಆಡಿಷನ್ ಸ್ಥಳ ಹಗಲಿನ ಕಚೇರಿಯೋ, ಲಾಡ್ಜಿನ ಕೋಣೆಯೋ? ಕೊನೆಯ ಪ್ರಶ್ನೆ ಹೆಣ್ಣುಮಕ್ಕಳಿಗೆ ಮಾತ್ರ ಎಂದುಕೊಳ್ಳುವವರಿದ್ದಾರೆ. ಗಂಡಸರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಅದು. ಇನ್ನು ಆಧಾರ್: ಆಯ್ಕೆಗೆ ಮುಂಚೆ ಅದರ ಅವಶ್ಯಕತೆಯೇ ಇಲ್ಲ. ಆಯ್ಕೆಯ ನಂತರ ಕೇಳಿದರೂ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಸಾಕು, ಅದು ಆಧಾರ್ ಕೊಡುವ ಯುಐಡಿಎಐ ತಾಣದಲ್ಲೇ ಸಿಗುತ್ತದೆ.

ಮತ್ತೆ ಮೊದಲಿನಿಂದ

ನಾಟಕ ತಂಡದ ಹಿರಿಯರೊಬ್ಬರು ಹಳೆಯ ಸಾಮಗ್ರಿಯನ್ನೆಲ್ಲ ನೋಡಿ ಪೂರ್ತಿ ಕಿತ್ತುಹಾಕಲು ಹೇಳಿದರು. ಹೊಸದಾಗಿ ಮಾಡಿದ್ದು ನಾಲ್ಕು ವಸ್ತು: ಐದು ಫೋಟೊ, ಮುಕ್ಕಾಲು ನಿಮಿಷದ ಪರಿಚಯದ ವಿಡಿಯೊ, ತಲಾ ಒಂದೊಂದೂವರೆ ನಿಮಿಷದ ಎರಡು ಅಭಿನಯದ ತುಣುಕು, ಒಂದು ಪುಟದ ವಿವರ. ಖರ್ಚಾಗಿದ್ದು ಫೋನ್ ಸ್ಟ್ಯಾಂಡಿಗೆ ಮತ್ತು ಅಂಗಿಗೆ ಸಿಕ್ಕಿಸುವ ಮೈಕಿಗೆ ಮಾತ್ರ.

ಫೋಟೊ ಐದೇ: ಮುಖದ ಹತ್ತಿರದ್ದು, ಸೊಂಟದ ತನಕ, ತಲೆಯಿಂದ ಕಾಲಿನ ತನಕ, ಎಡಮಗ್ಗುಲು, ಬಲಮಗ್ಗುಲು. ಒಂದೇ ಬಣ್ಣದ ಅಂಗಿ, ಬಿಳಿಯೂ ಅಲ್ಲ ಚೌಕುಳಿಯೂ ಅಲ್ಲ. ಕನ್ನಡಕ, ಟೋಪಿ, ಫಿಲ್ಟರ್ ಇಲ್ಲ. ಗಡ್ಡ ಬಿಟ್ಟ, ಮೀಸೆ ಮಾತ್ರ ಇರುವ ಎರಡು ರೂಪದಲ್ಲೂ ತೆಗೆದಿಟ್ಟುಕೊಂಡರು. ಕೂದಲಿಗೆ ಬಣ್ಣ ಹಾಕುತ್ತಿದ್ದುದನ್ನು ನಿಲ್ಲಿಸಿದರು, ಏಕೆಂದರೆ 35ರಿಂದ 45ರ ಪಾತ್ರಗಳಿಗೆ ಕಿವಿಯ ಪಕ್ಕದ ನರೆಯೇ ಬಂಡವಾಳ.

ವಿಡಿಯೊಗೆ ಊರಿನ ಬಿಸಿಲೇ ತೊಡಕಾಯಿತು. ಆಗ ಏಪ್ರಿಲ್, ಕಲಬುರಗಿಯಲ್ಲಿ ತಾಪಮಾನ 40 ಡಿಗ್ರಿ ದಾಟಿತ್ತು. ಫ್ಯಾನ್ ಹಾಕಿದರೆ ಮೈಕಿನಲ್ಲಿ ಗುರುಗುರು ಸದ್ದು, ಆರಿಸಿದರೆ ಎರಡು ನಿಮಿಷಕ್ಕೆ ಹಣೆ ಹೊಳೆಯುತ್ತದೆ. ಕೊನೆಗೆ ಬೆಳಿಗ್ಗೆ ಆರೂವರೆಯಿಂದ ಎಂಟರೊಳಗೆ ಚಿತ್ರಿಸಿದರು. ಆ ಹೊತ್ತಿಗೆ ಪೂರ್ವದ ಕಿಟಕಿಯಿಂದ ಬೀಳುವ ಬೆಳಕಿಗೆ ತೆಳು ಬಿಳಿ ಪಂಚೆ ಅಡ್ಡ ಕಟ್ಟಿದರೆ ಮುಖದ ಮೇಲೆ ಗಡುಸು ನೆರಳು ಬೀಳುವುದಿಲ್ಲ. ಕಿಟಕಿ ಮುಖದ ಎದುರಿಗಿರಬೇಕು, ಬೆನ್ನಿಗಿದ್ದರೆ ಮುಖ ಕಪ್ಪಾಗುತ್ತದೆ. ಗೋಡೆಯಿಂದ ಮೂರು-ನಾಲ್ಕು ಅಡಿ ಮುಂದೆ ನಿಂತರೆ ನೆರಳು ಗೋಡೆಗೆ ಅಂಟುವುದಿಲ್ಲ. ಫೋನ್ ಅಡ್ಡ ಹಿಡಿದು, ಕಣ್ಣಿನ ಮಟ್ಟದಲ್ಲಿ, ಸುಮಾರು ಐದು ಅಡಿ ದೂರದಲ್ಲಿ. ಹಿಂಬದಿಯ ಕ್ಯಾಮೆರಾ, 1080ಪಿ. ಚೌಕಟ್ಟು ಎದೆಯಿಂದ ಮೇಲಕ್ಕೆ, ತಲೆಯ ಮೇಲೆ ನಾಲ್ಕು ಬೆರಳಿನಷ್ಟು ಜಾಗ.

ಪರಿಚಯದ ವಿಡಿಯೊದಲ್ಲಿ ಕ್ಯಾಮೆರಾ ನೋಡಿ ಹೆಸರು, ವಯಸ್ಸು, ಎತ್ತರ, ಊರು, ಗೊತ್ತಿರುವ ಭಾಷೆ. ಆಮೇಲೆ ಎಡಕ್ಕೆ, ಬಲಕ್ಕೆ ತಿರುಗಿ, ಎರಡೂ ಅಂಗೈ ತೋರಿಸಿ ಮುಗಿಸುವುದು. ಹಿನ್ನೆಲೆ ಸಂಗೀತ ಬೇಡ. ಅಭಿನಯದ ತುಣುಕಿನಲ್ಲಿ ಮಾತ್ರ ಕ್ಯಾಮೆರಾ ನೋಡಬಾರದು. ಎದುರು ಪಾತ್ರದ ಮಾತು ಹೇಳುವವರು ಲೆನ್ಸಿನ ಪಕ್ಕಕ್ಕೆ ಅಂಟಿಕೊಂಡಂತೆ ನಿಲ್ಲಬೇಕು. ದೂರ ನಿಂತರೆ ನಟನ ಕಣ್ಣು ಎತ್ತಲೋ ಓಡುತ್ತದೆ, ಮುಖದ ಅರ್ಧವೇ ಸಿಗುತ್ತದೆ. ಅವರು ಮೆಲ್ಲಗೆ ಮಾತಾಡಬೇಕು, ಇಲ್ಲವಾದರೆ ಫೋನಿಗೆ ಹತ್ತಿರವಿರುವ ಅವರ ದನಿಯೇ ಮೇಲಾಗುತ್ತದೆ.

ಇಷ್ಟೆಲ್ಲ ಆದ ಮೇಲೂ ಮೊದಲ ತುಣುಕು ಕೆಟ್ಟಿತ್ತು, ಮತ್ತು ಕೆಟ್ಟದ್ದು ನಟನೆಯಿಂದ. ರಂಗಮಂದಿರದ ಕೊನೆಯ ಸಾಲಿಗೆ ಮುಟ್ಟಿಸಿ ರೂಢಿಯಾದ ದನಿ, ಪ್ರತಿ ಸಾಲಿಗೂ ಏರುವ ಹುಬ್ಬು, ಮಾತಿಗಿಂತ ಮುಂಚೆ ಹೊರಡುವ ಕೈ. ಎದೆಯ ತನಕದ ಚೌಕಟ್ಟಿನಲ್ಲಿ ಇವು ಮೂರೂ ಹಿಂಸೆ. ಹಿರಿಯರು ಮೂರು ಅಡಿ ಎದುರಿಗೆ ಕೂತು, ‘ಪಕ್ಕದ ಖೋಲಿಯೊಳಗ ಕೂಸು ಮಲಗ್ಯದ, ಅದು ಏಳಬಾರ್ದು, ಹಂಗ ಜಗಳಾ ಮಾಡು ನನ್ಜೋಡಿ’ ಎಂದರು. ದನಿ ತಗ್ಗಿತು, ಅದರ ಜೊತೆ ಹುಬ್ಬೂ ತಗ್ಗಿತು. ರಂಗಭೂಮಿಯಿಂದ ಬಂದವರಿಗೆ ‘ಕಡಿಮೆ ಮಾಡು’ ಎಂದರೆ ಸಪ್ಪೆಯಾಗುತ್ತಾರೆ. ದನಿಯೇರಿಸಲಾಗದ ಸನ್ನಿವೇಶ ಕೊಟ್ಟರೆ ಸಿಟ್ಟು ಉಳಿಯುತ್ತದೆ, ಗದ್ದಲ ಹೋಗುತ್ತದೆ.

ಎರಡು ತುಣುಕುಗಳಲ್ಲಿ ಮೊದಲಿನದಕ್ಕೆ ಕಲಾವಿದರು ಬೆಂಗಳೂರಿನ ಕನ್ನಡ ಆರಿಸಿದ್ದರು, ‘ಸಿನಿಮಾದವರಿಗೆ ತಿಳೀಬೇಕಲ್ಲ’ ಎಂದು. ಅದರಲ್ಲಿ ಅವರು ಪಾಠ ಒಪ್ಪಿಸುವಂತೆ ಕಾಣುತ್ತಿದ್ದರು. ಎರಡನೆಯದಕ್ಕೆ ಸಿನಿಮಾಗಳಲ್ಲಿ ಕೇಳಿ ಕಲಿತ ಧಾರವಾಡದ ಧಾಟಿ, ಅದೂ ಎರವಲು. ಕೊನೆಗೆ ಉಳಿದದ್ದು ಹೀಗೆ: ಒಂದು ತುಣುಕು ಮನೆಯಲ್ಲಿ, ಮಿಲ್ಲಿನಲ್ಲಿ ಆಡುವ ಕಲಬುರಗಿ ಮಾತಿನಲ್ಲಿ, ನಡುವೆ ಹಮಾಲರ ಜೊತೆ ಆಡುವ ದಖನಿಯ (ಈ ಭಾಗದ ಉರ್ದುವಿನ) ಎರಡು ಸಾಲು ಸಹಿತ, ಇನ್ನೊಂದು ಸರಳ ಬರಹದ ಕನ್ನಡದಲ್ಲಿ, ಪೊಲೀಸ್, ಮೇಷ್ಟರಂಥ ಪಾತ್ರಗಳಿಗೆ. ಬೆಂಗಳೂರಿನಲ್ಲಿ ಬೆಂಗಳೂರು ಕನ್ನಡ ಆಡುವ ನಟರಿಗೆ ಬರವಿಲ್ಲ. ಕಲಬುರಗಿಯವನಂತೆ ಮಾತಾಡುವ 37ರ ಮುಖ ಬೇಕಾದಾಗ ಅವರಿಗೆ ಹುಡುಕಾಟ ಶುರುವಾಗುತ್ತದೆ.

ಒಂಬತ್ತು ದಿನ ಮುಚ್ಚಿದ್ದ ಬಾಗಿಲು

ಹೊಸ ಸಾಮಗ್ರಿಯಿಂದ ಮೊದಲ ಅರ್ಜಿ ಹೋದದ್ದು ಒಂದು ವೆಬ್ ಸರಣಿಗೆ, ‘ಹೋಟೆಲ್ ಮಾಲೀಕ’ನ ಪಾತ್ರಕ್ಕೆ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಕುಗ್ಗಿ ಮಸುಕಾಗುತ್ತದೆಂದು ಗೂಗಲ್ ಡ್ರೈವ್‌ಗೆ ಹಾಕಿ ಲಿಂಕ್ ಕಳಿಸಿದರು. ಆದರೆ ಲಿಂಕಿನ ಅನುಮತಿ ‘ನಿರ್ಬಂಧಿತ’ ಎಂದೇ ಉಳಿದಿತ್ತು. ಕಾಸ್ಟಿಂಗ್ ಕಚೇರಿಯಿಂದ ಎರಡು ಸಲ ಅನುಮತಿ ಕೋರಿ ಜಿಮೇಲ್‌ಗೆ ಸಂದೇಶ ಬಂದಿತ್ತು. ಕಲಾವಿದರು ಜಿಮೇಲ್ ತೆರೆದದ್ದು ಒಂಬತ್ತನೆಯ ದಿನ. ಅಷ್ಟರಲ್ಲಿ ಪಾತ್ರ ತುಂಬಿತ್ತು.

ಇಡೀ ಪ್ರಕರಣದಲ್ಲಿ ಅತಿ ಚಿಕ್ಕ ತಪ್ಪು ಇದು, ಬಹುಶಃ ಅತಿ ದುಬಾರಿಯೂ ಹೌದು. ಅಲ್ಲಿಂದ ಮುಂದೆ ಕ್ರಮ ಬದಲಾಯಿತು: ಲಿಂಕ್ ಇರುವ ಯಾರಾದರೂ ನೋಡಬಹುದು ಎಂದು ಅನುಮತಿ ಕೊಡುವುದು, ಆಮೇಲೆ ತಮ್ಮ ಖಾತೆ ಇಲ್ಲದ ಬೇರೊಂದು ಫೋನಿನಲ್ಲಿ ಆ ಲಿಂಕ್ ತೆರೆದು ನೋಡುವುದು, ಅದಾದ ಮೇಲಷ್ಟೇ ಕಳಿಸುವುದು. ವಾಟ್ಸ್‌ಆ್ಯಪ್‌ನಲ್ಲೇ ಕೇಳಿದರೆ ವಿಡಿಯೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸುವುದು, ಆಗ ಗುಣಮಟ್ಟ ಹಾಗೆಯೇ ಉಳಿಯುತ್ತದೆ. ಫೈಲಿನ ಹೆಸರು ಫೋನ್ ಕೊಟ್ಟ ಅಂಕಿಗಳ ಸಾಲಾಗಿರಬಾರದು. ಹೆಸರು, ವಯಸ್ಸು, ಎತ್ತರ, ಊರು, ಪಾತ್ರ, ಈ ಕ್ರಮದಲ್ಲಿ ಬರೆದಿರಬೇಕು. ಆ ಕಡೆ ಒಂದೇ ದಿನ ನೂರಾರು ಫೈಲು ಇಳಿಯುತ್ತವೆ, ಫೈಲು ಸಂದೇಶದಿಂದ ಬೇರ್ಪಟ್ಟ ಮೇಲೂ ಯಾರದೆಂದು ತಿಳಿಯಬೇಕು.

ಲಾರಿ ಡ್ರೈವರ್‌ಗೆ ಹಾಕಿದ್ದು, ಮುನೀಮನಿಗೆ ಸಿಕ್ಕಿದ್ದು

ಜೂನ್‌ನಲ್ಲಿ ಒಬ್ಬ ಕಾಸ್ಟಿಂಗ್ ಡೈರೆಕ್ಟರ್ ಖಾತೆಯಲ್ಲಿ ಕರೆ ಬಂತು: ಉತ್ತರ ಕರ್ನಾಟಕದ ಲಾರಿ ಡ್ರೈವರ್, 35ರಿಂದ 45. ಕಲಾವಿದರ ಸಂದೇಶ ಇಷ್ಟೇ ಇತ್ತು:

‘ನಮಸ್ಕಾರ. ಲಾರಿ ಡ್ರೈವರ್ ಪಾತ್ರಕ್ಕೆ. ವಯಸ್ಸು 37, ಎತ್ತರ 5 ಅಡಿ 7 ಇಂಚು, ಕಲಬುರಗಿ. ಕಲಬುರಗಿ ಕನ್ನಡ, ದಖನಿ ಮಾತಾಡುತ್ತೇನೆ, ತೆಲುಗು ಅರ್ಥವಾಗುತ್ತದೆ. ಹವ್ಯಾಸಿ ರಂಗಭೂಮಿ 12 ವರ್ಷ, ಸಿನಿಮಾ ಮೊದಲು. ಪಿಕಪ್ ವಾಹನ ಓಡಿಸುತ್ತೇನೆ, ಲಾರಿ ಓಡಿಸಲು ಬರುವುದಿಲ್ಲ. ಮೀಸೆ ಗಡ್ಡ ಬದಲಿಸಬಹುದು. ಡಿಸೆಂಬರ್‌ನಿಂದ ಫೆಬ್ರುವರಿ ತನಕ ರಜೆ ಸಿಗುವುದು ಕಷ್ಟ, ಉಳಿದಂತೆ ಒಂದು ವಾರ ಮುಂಚೆ ತಿಳಿಸಿದರೆ ಬರಬಲ್ಲೆ. ಫೋಟೊ, ಪರಿಚಯ, ಅಭಿನಯ ಈ ಲಿಂಕಿನಲ್ಲಿವೆ.’

ಲಾರಿ ಬರುವುದಿಲ್ಲ ಎಂದು ಬರೆಯುವುದಕ್ಕೆ ತಂಡದ ಗೆಳೆಯರು ಒಪ್ಪಿರಲಿಲ್ಲ. ರಜೆಯ ಸಾಲಿಗಂತೂ ಜಗಳವೇ ಆಯಿತು: ಕೆಲಸ ಕೇಳುವವನು ತನಗೆ ಬಿಡುವಿಲ್ಲ ಎನ್ನುವುದುಂಟೇ? ಆದರೆ ಹೊಸ ತೊಗರಿ ಬರುವ ಆ ಮೂರು ತಿಂಗಳು ಮಿಲ್ಲಿನಲ್ಲಿ ರಜೆ ಸಿಗದು ಎಂಬುದು ಬದಲಾಗದ ಸಂಗತಿ. ಆಯ್ಕೆಯಾದ ಮೇಲೆ ಅದನ್ನು ಹೇಳಿದರೆ ಇಡೀ ಚಿತ್ರತಂಡದ ದಿನ ಹಾಳಾಗುತ್ತದೆ, ಆ ಕಚೇರಿಯಲ್ಲಿ ಹೆಸರು ಶಾಶ್ವತವಾಗಿ ಹೋಗುತ್ತದೆ.

ನಾಲ್ಕನೆಯ ದಿನ ಸೀನ್ ಪೇಪರ್, ಅಂದರೆ ಆಡಿ ತೋರಿಸಬೇಕಾದ ದೃಶ್ಯದ ಮಾತುಗಳ ಹಾಳೆ ಬಂತು, ಜೊತೆಗೆ ‘ನಾಳೆ ಹನ್ನೊಂದಕ್ಕೆ ಬೆಂಗಳೂರಿನ ಕಚೇರಿಗೆ ಬನ್ನಿ’ ಎಂಬ ಸಂದೇಶ. ಆ ರಾತ್ರಿಯ ರೈಲಿಗೆ ಓಡುವುದು ಮೊದಲ ಯೋಚನೆ. ಓಡಲಿಲ್ಲ. ‘ಕಲಬುರಗಿಯಿಂದ ಬರಬೇಕು, ರಾತ್ರಿ ಪೂರ್ತಿ ಪ್ರಯಾಣ. ಇಂದು ಸಂಜೆಯೊಳಗೆ ಇದೇ ದೃಶ್ಯ ಚಿತ್ರಿಸಿ ಕಳಿಸಲೇ? ಅದು ಸರಿಬಂದರೆ ಖಂಡಿತ ಬರುತ್ತೇನೆ’ ಎಂದು ಕೇಳಿದರು. ಒಪ್ಪಿದರು. ದೃಶ್ಯವನ್ನು ಎರಡು ರೀತಿಯಲ್ಲಿ ಕಳಿಸಿದರು: ಒಂದರಲ್ಲಿ ಡ್ರೈವರ್ ಸುಳ್ಳು ಹೇಳುತ್ತಿದ್ದಾನೆ, ಇನ್ನೊಂದರಲ್ಲಿ ನಿಜವಾಗಿಯೂ ಹೆದರಿದ್ದಾನೆ. ಮಾತು ಅವೇ. ಎರಡು ಟೇಕ್ ಕಳಿಸುವಾಗ ಹೀಗೆ ಭಾವ ಬೇರೆ ಇರಬೇಕು. ಒಂದೇ ರೀತಿಯ ಎರಡು ಕಳಿಸಿದರೆ ನೋಡುವವರ ಹೊತ್ತು ಹಾಳು.

ಆ ಪಾತ್ರ ಸಿಗಲಿಲ್ಲ. ಲಾರಿ ಓಡಿಸಬಲ್ಲ ಬೇರೊಬ್ಬರಿಗೆ ಹೋಯಿತು. ಆದರೆ ಎರಡು ತಿಂಗಳ ನಂತರ ಅದೇ ಕಚೇರಿಯಿಂದ ಕರೆ: ಅದೇ ಚಿತ್ರದಲ್ಲಿ ಅಡತಿ ಅಂಗಡಿಯ ಮುನೀಮನ ಪಾತ್ರ, ಎರಡು ದೃಶ್ಯ, ಮೂರು ದಿನದ ಕೆಲಸ. ಹೊಸ ಆಡಿಷನ್ ಕೇಳಲಿಲ್ಲ. ‘ಹೆದರಿದ ಟೇಕ್ ನೋಡಿ ನಿರ್ದೇಶಕರಿಗೆ ನೆನಪಿತ್ತು’ ಎಂದರಂತೆ. ಅರ್ಜಿ ಹಾಕಿದ ಪಾತ್ರ ಕೈತಪ್ಪಿದರೂ ಟೇಪು, ಅಂದರೆ ಕಳಿಸಿದ ಅಭಿನಯದ ವಿಡಿಯೊ, ಕಚೇರಿಯಲ್ಲಿ ಉಳಿಯುತ್ತದೆ. ತಿರಸ್ಕಾರದ ನಂತರ ಕಲಾವಿದರು ಕಳಿಸಿದ್ದ ಎರಡೇ ಸಾಲಿನ ಧನ್ಯವಾದವೂ ಅದೇ ಚಾಟಿನಲ್ಲಿ ಕೊನೆಯ ಸಂದೇಶವಾಗಿ ಉಳಿದಿತ್ತು. ‘ಏನಾಯ್ತು ಸರ್?’ ಎಂದು ದಿನಾ ಕೇಳಿದ ಚಾಟಾಗಿದ್ದರೆ ಆ ಸಂಖ್ಯೆ ಬ್ಲಾಕ್ ಆಗಿರುವ ಸಾಧ್ಯತೆಯೇ ಹೆಚ್ಚು. ಕಳಿಸಿದ ಹತ್ತು-ಹದಿನೈದು ದಿನಕ್ಕೆ ಒಂದು ಸಲ ವಿಚಾರಿಸಿದರೆ ಸಾಕು.

ಇದರ ನಡುವೆ ಬೀದರ್ ಕಡೆ ನಡೆಯಲಿದ್ದ ಅದೇ ಚಿತ್ರದ ಸಂತೆಯ ದೃಶ್ಯಕ್ಕೆ ಜನ ಬೇಕೆಂದು ಸ್ಥಳೀಯ ಕೋಆರ್ಡಿನೇಟರ್ ಕರೆದಿದ್ದ. ಸೆಟ್ ನೋಡಿದಂತಾಗುತ್ತದೆ ಎಂಬ ಆಸೆ ಇತ್ತು, ಹೋಗಲಿಲ್ಲ. ಗುಂಪಿನಲ್ಲಿ ಒಮ್ಮೆ ಮುಖ ಕಂಡರೆ ಅದೇ ಚಿತ್ರದಲ್ಲಿ ಬೇರೆ ಪಾತ್ರಕ್ಕೆ ಆ ಮುಖ ಬಳಸಲಾಗದು. ಬೇರೆ ಚಿತ್ರವಾಗಿದ್ದರೆ ಹೋಗುವುದರಲ್ಲಿ ತಪ್ಪೇನೂ ಇರಲಿಲ್ಲ.

ಸಂಭಾವನೆ, ಕರಾರು, ಡಬ್ಬಿಂಗ್

ದಿನಕ್ಕೆ 4,000 ರೂಪಾಯಿ, ಊಟ ವಸತಿ, ಸ್ಲೀಪರ್ ರೈಲಿನ ಹೋಗಿಬರುವ ಖರ್ಚು. ಇದು ಫೋನಿನಲ್ಲಿ ಆದ ಮಾತು. 1981ರ ಸಿನಿಮಾ ಕಾರ್ಮಿಕರ ಕಾಯ್ದೆಯೇ ನಟರೂ ಸೇರಿದಂತೆ ಸಿನಿ ಕಾರ್ಮಿಕರ ಜೊತೆ ಲಿಖಿತ ಕರಾರು ಇರಬೇಕೆಂದು ಹೇಳಿತ್ತು, 2020ರ ಕಾರ್ಮಿಕ ಸಂಹಿತೆಯಲ್ಲೂ ಆ ಮಾತಿದೆ. ಎರಡು ದೃಶ್ಯದ ನಟನಿಗೆ ಕರಾರು ಪತ್ರ ಕೈಗೆ ಬರುವುದು ಅಪರೂಪ. ಕಲಾವಿದರು ಫೋನ್ ಇಟ್ಟ ಕೂಡಲೇ ಮಾತಾದದ್ದನ್ನೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಬರೆದು, ‘ಇದು ಸರಿ ಇದೆಯೇ, ಖಚಿತಪಡಿಸಿ’ ಎಂದು ಕಳಿಸಿದರು. ‘ಓಕೆ’ ಎಂದು ಉತ್ತರ ಬಂತು. ಮುಂದೆ ಆ ಎರಡಕ್ಷರವೇ ಆಧಾರವಾಯಿತು, ಏಕೆಂದರೆ ಶೂಟಿಂಗ್ ಮುಗಿಯುವ ಹೊತ್ತಿಗೆ ಮಾತಾಡಿದ್ದ ಪ್ರೊಡಕ್ಷನ್ ಮ್ಯಾನೇಜರ್ ಬದಲಾಗಿದ್ದ, ಹೊಸಬನ ಪಟ್ಟಿಯಲ್ಲಿ ದಿನಕ್ಕೆ 2,500 ಎಂದಿತ್ತು. ಚಾಟಿನ ಚಿತ್ರ ತೋರಿಸಿದ ಮೇಲೆ 4,000 ಉಳಿಯಿತು. ಶೇ 10ರಷ್ಟು ಟಿಡಿಎಸ್ (ಹಣ ಕೊಡುವವರೇ ಮುಂಚೆ ಹಿಡಿಯುವ ತೆರಿಗೆ) ಕಡಿತವಾಗಿ ಹಣ ಖಾತೆಗೆ ಬಂದದ್ದು ಎಪ್ಪತ್ತು ದಿನಗಳ ನಂತರ. ಪ್ಯಾನ್ ಸಂಖ್ಯೆ ಕೊಟ್ಟಿದ್ದರಿಂದ ಆ ಕಡಿತ ಅವರ ಹೆಸರಿನಲ್ಲೇ ದಾಖಲಾಗಿದೆ, ಕಟ್ಟಬೇಕಾದ ತೆರಿಗೆ ಅದಕ್ಕಿಂತ ಕಡಿಮೆಯಿದ್ದರೆ ಆದಾಯ ತೆರಿಗೆಯ ವಾರ್ಷಿಕ ವಿವರ ಸಲ್ಲಿಸಿ ಮರಳಿ ಪಡೆಯಬಹುದು.

ಕೇಳದೆ ಉಳಿದದ್ದು ಡಬ್ಬಿಂಗ್. ಮೂರು ತಿಂಗಳ ಬಳಿಕ ಡಬ್ಬಿಂಗ್‌ಗೆ ಬೆಂಗಳೂರಿಗೆ ಬರಲು ಹೇಳಿದರು, ಅದಕ್ಕೆ ಹಣದ ಮಾತಿಲ್ಲ, ಪ್ರಯಾಣದ ಖರ್ಚೂ ಇಲ್ಲ. ಹೋಗದಿದ್ದರೆ ಅಲ್ಲಿನ ಡಬ್ಬಿಂಗ್ ಕಲಾವಿದರಿಂದ ಮಾತು ಹಾಕಿಸುತ್ತಾರೆ. ಯಾವ ಮಾತಿಗಾಗಿ ಆಯ್ಕೆಯಾಗಿದ್ದರೋ ಆ ಮಾತೇ ಪರದೆಯ ಮೇಲೆ ಇರುವುದಿಲ್ಲ. ಕೈಯಿಂದ ಖರ್ಚು ಹಾಕಿಕೊಂಡು ಹೋಗಿ ನಾಲ್ಕು ಗಂಟೆಯಲ್ಲಿ ಮುಗಿಸಿ ಬಂದರು. ಲೆಕ್ಕದಲ್ಲಿ ನಷ್ಟ, ಆದರೂ ಅವರ ಸ್ಥಿತಿಯಲ್ಲಿ ಸರಿಯಾದ ತೀರ್ಮಾನ ಎಂದೇ ಹೇಳಬೇಕು. ಅದಕ್ಕಿಂತ ಸರಿಯಾದದ್ದು ಒಪ್ಪಿಕೊಳ್ಳುವ ಮೊದಲೇ ಕೇಳುವುದು: ಶೂಟಿಂಗ್‌ನಲ್ಲೇ ದನಿ ಹಿಡಿಯುವ ಲೈವ್ ಸೌಂಡೋ, ಡಬ್ಬಿಂಗೋ, ಡಬ್ಬಿಂಗ್ ಆದರೆ ನಾನೇ ಮಾಡುತ್ತೇನೆಯೇ, ಆ ದಿನದ ಪ್ರಯಾಣ ಯಾರದು.

ಪ್ರಕರಣ ತೋರಿಸಿಕೊಡುವುದು

ಎರಡನೆಯ ಹಂತದ ಏಳು ತಿಂಗಳಲ್ಲಿ ನೋಟ್‌ಬುಕ್ಕಿನಲ್ಲಿರುವ ಅರ್ಜಿ 19. ಉತ್ತರ ಬಂದದ್ದು ಐದಕ್ಕೆ, ಸೀನ್ ಪೇಪರ್ ಬಂದದ್ದು ಮೂರಕ್ಕೆ, ಪಾತ್ರ ಒಂದು. ಒಬ್ಬರ ಲೆಕ್ಕದಿಂದ ಎಲ್ಲರಿಗೂ ಅನ್ವಯಿಸುವ ಪ್ರಮಾಣ ತೆಗೆಯಲಾಗದು. ಆದರೆ ಉತ್ತರ ಬಂದ ಐದನ್ನೂ ಪಕ್ಕಪಕ್ಕದಲ್ಲಿಟ್ಟರೆ ಒಂದು ಸಂಗತಿ ಕಾಣುತ್ತದೆ: ಐದರಲ್ಲೂ ಪಾತ್ರದ ವಿವರ ಮತ್ತು ಇವರ ವಿವರ ಒಂದಕ್ಕೊಂದು ನೇರ ಹೊಂದಿದ್ದವು, ನಾಲ್ಕರಲ್ಲಿ ಭಾಷೆಯ ಬೇಡಿಕೆ ಇತ್ತು. ‘ಹೊಸ ಮುಖಗಳು ಬೇಕು, 18ರಿಂದ 60’ ಎಂಬಂಥ ಸಾರ್ವತ್ರಿಕ ಕರೆಗಳಿಗೆ ಹೋದ ಆರು ಅರ್ಜಿಗಳಲ್ಲಿ ಒಂದಕ್ಕೂ ಉತ್ತರವಿಲ್ಲ. ಅಂಥ ಕರೆಗಳಲ್ಲಿ ಕೆಲವು ಇನ್ನೂ ನಿರ್ಮಾಪಕರೇ ಸಿಗದ ಚಿತ್ರಗಳವು, ಕೆಲವು ಫೋನ್ ಸಂಖ್ಯೆ ಕೂಡಿಹಾಕಲಿಕ್ಕೆಂದೇ ಹಾಕಿದವು.

ಕಲಬುರಗಿ, ಬೀದರ್, ಯಾದಗಿರಿಯವರು ನೋಡದೆ ಬಿಡುವ ದಿಕ್ಕು ಹೈದರಾಬಾದ್. ಕಲಬುರಗಿಗೆ ಬೆಂಗಳೂರಿಗಿಂತ ಅದು ಎಷ್ಟೋ ಹತ್ತಿರ, ಬೀದರಿನವರಿಗೆ ಬೆಳಿಗ್ಗೆ ಹೋಗಿ ಸಂಜೆ ಮರಳುವ ಊರು. ತೆಲುಗು, ದಖನಿ ಎರಡೂ ಕಿವಿಗೆ ಬಿದ್ದು ಬೆಳೆದವರಿಗೆ ಅಲ್ಲಿನ ಗಡಿನಾಡಿನ ಪಾತ್ರಗಳು ದೂರದವಲ್ಲ. ಈ ಕಲಾವಿದರ ಮೂರನೆಯ ಸೀನ್ ಪೇಪರ್ ಬಂದದ್ದು ಅಲ್ಲಿಂದಲೇ, ಒಂದು ತೆಲುಗು ವೆಬ್ ಸರಣಿಯಲ್ಲಿ ಕರ್ನಾಟಕದ ಕಾನ್‌ಸ್ಟೇಬಲ್ ಪಾತ್ರಕ್ಕೆ. ಟೇಪು ಅವರಿಗೆ ಹಿಡಿಸಿತು. ದಿನಾಂಕ ಜನವರಿ 8ರಿಂದ 14. ಆ ವಾರ ಮಿಲ್ಲಿನಲ್ಲಿ ಎರಡು ಪಾಳಿ ಓಡುತ್ತಿತ್ತು. ಸೋದರಮಾವನ ಮೂಲಕ ಮಾಲೀಕರನ್ನು ಕೇಳಿಸಿದ್ದಾಯಿತು, ಸಿಕ್ಕಿದ್ದು ಎರಡೇ ದಿನ. ಪಾತ್ರ ಬಿಟ್ಟರು.

ಹಾಗೆ ಬಿಡುವಾಗ ಅವರು ಎರಡು ಕೆಲಸ ಮಾಡಿದರು. ಬರಲಾಗದು ಎಂಬುದನ್ನು ಅದೇ ದಿನ ತಿಳಿಸಿದರು, ಮತ್ತು ನಾಟಕ ತಂಡದಲ್ಲಿ ತೆಲುಗು ಚೆನ್ನಾಗಿ ಬಲ್ಲ, ಯಾದಗಿರಿ ಕಡೆಯ ಕಿರಿಯ ನಟನೊಬ್ಬನ ಲಿಂಕನ್ನು ಅವನನ್ನು ಕೇಳಿ ಕಳಿಸಿದರು. ಆ ಪಾತ್ರ ಅವನಿಗೆ ಹೋಯಿತು. ಮಾರ್ಚ್‌ನಿಂದ ಇಬ್ಬರೂ ಒಂದೇ ನೋಟ್‌ಬುಕ್ ಬಳಸುತ್ತಿದ್ದಾರೆ. ಕರೆಗಳನ್ನು ಹುಡುಕುವುದು ಒಬ್ಬರು, ಸಂಖ್ಯೆ ಮತ್ತು ಬ್ಯಾನರ್ ಪರಿಶೀಲಿಸುವುದು ಇನ್ನೊಬ್ಬರು, ಟೇಪಿನಲ್ಲಿ ಲೆನ್ಸಿನ ಪಕ್ಕ ನಿಂತು ಎದುರು ಮಾತು ಹೇಳುವುದು ಸರದಿಯ ಮೇಲೆ. ನೋಟ್‌ಬುಕ್ಕಿನಲ್ಲಿ ಈಗ ಒಂದು ಹೊಸ ಕಾಲಂ ಇದೆ: ‘ಡಬ್ಬಿಂಗ್ ಕೇಳಿದ್ದೇ?’